ಮುಗ್ಗಲು, ಕಮಟು ಮತ್ತು ನಮ್ಮ ಮನೆಯ ಡಬ್ಬಿಗಳು

ಅಮ್ಮ ಊರಿಂದ ಬಂದ ಎರಡನೇ ದಿನ ನಮ್ಮ ಅಡುಗೆಮನೆಯ ಮೇಲಿನ ಕಪಾಟು ತೆಗೆದಳು. ಅಲ್ಲಿ ಸಾಲಾಗಿ ಹನ್ನೊಂದು ಗಾಜಿನ ಡಬ್ಬಿಗಳಿದ್ದವು. ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ, ಕೆಂಪಕ್ಕಿ, ಹುರಳಿ, ರಾಗಿ ಹಿಟ್ಟು, ಸಜ್ಜೆ ಹಿಟ್ಟು, ಅಗಸೆ ಪುಡಿ. ಒಂದೊಂದಕ್ಕೂ ಹೆಸರು ಬರೆದ ಚೀಟಿ ಅಂಟಿಸಿದ್ದೆ. ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ ಫೋಟೋ ತೆಗೆದು ಅಣ್ಣನಿಗೂ ಕಳಿಸಿದ್ದೆ.

ಅದು 2023. ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತ ಘೋಷಿಸಿದ್ದ ವರ್ಷ. ಜನವರಿಯಲ್ಲಿ ಅರಮನೆ ಮೈದಾನದ ಮೇಳಕ್ಕೆ ಹೋಗಿ ಎರಡು ಚೀಲ ತುಂಬಿಸಿಕೊಂಡು ಬಂದಿದ್ದೆ. ಅಮ್ಮ ಬಂದಿದ್ದು ಆಗಸ್ಟಿನಲ್ಲಿ. ಏಳು ತಿಂಗಳು, ಮಧ್ಯೆ ಒಂದು ಮಳೆಗಾಲ. ಅಷ್ಟರಲ್ಲಿ ನಾನು ನವಣೆ ಅನ್ನ ಮಾಡಿದ್ದು ಮೂರು ಸಲ. ಹಾರಕದ ಡಬ್ಬಿ ಒಂದೇ ಸಲ ತೆರೆದಿದ್ದೆ.

ಅಮ್ಮ ಚೀಟಿ ಓದಲಿಲ್ಲ. ಡಬ್ಬಿ ತೆಗೆದಳು, ಮೂಗಿಗೆ ಹಿಡಿದಳು, ಮುಚ್ಚಿದಳು. ಕೆಲವನ್ನು ಕಟ್ಟೆಯ ಎಡಕ್ಕೆ ಇಟ್ಟಳು, ಕೆಲವನ್ನು ಬಲಕ್ಕೆ. "ಇದು ಮುಗ್ಗಲು ವಾಸ್ನೆ ಹೊಡೀತೈತೆ ಕಣೋ. ಇದು ಕಮಟು. ಇದೂ ಕಮಟು." ಕೊರಲೆ ಡಬ್ಬಿಯಲ್ಲಿ ಸಣ್ಣ ಬಲೆ ಕಟ್ಟಿತ್ತು. ಮುಚ್ಚಳ ತೆಗೆದ ಕೂಡಲೇ ಬೂದಿ ಬಣ್ಣದ ಒಂದು ರೆಕ್ಕೆ ಹುಳ ಹಾರಿ ಟ್ಯೂಬ್ ಲೈಟ್ ಹತ್ತಿರ ಹೋಯಿತು. ಅಮ್ಮ ಅದರ ಕಡೆ ನೋಡಿ, "ಅದಾದ್ರೂ ತಿಂತಲ್ಲ" ಅಂದಳು.

ಮುಗ್ಗಲು ಬೇರೆ, ಕಮಟು ಬೇರೆ. ಅವತ್ತಿನವರೆಗೂ ನನಗೆ ಎರಡೂ ಒಂದೇ, 'ಕೆಟ್ಟ ವಾಸನೆ' ಅಷ್ಟೆ. ಮುಗ್ಗಲು ಅಂದ್ರೆ ತೇವ ಹಿಡಿದದ್ದು. ಮಳೆಗಾಲದಲ್ಲಿ ಸರಿಯಾಗಿ ಒಣಗದ ಬಟ್ಟೆಗೆ ಬರುತ್ತಲ್ಲ, ಆ ಜಾತಿ. ಅಲ್ಲಿ ಬೂಷ್ಟು ಇರುತ್ತೆ, ಕಣ್ಣಿಗೆ ಕಾಣದಿದ್ದರೂ. ಕಮಟು ಅಂದ್ರೆ ಎಣ್ಣೆ ಕೆಟ್ಟದ್ದು. ಹಳೇ ಕೊಬ್ಬರಿ ಬಾಯಿಗೆ ಹಾಕಿಕೊಂಡಾಗ ಗಂಟಲ ಹಿಂದೆ ಹಿಡಿಯುವ ಆ ಕಹಿ. ಒಂದಕ್ಕೆ ಕಾರಣ ನೀರು, ಇನ್ನೊಂದಕ್ಕೆ ಕಾರಣ ಗಾಳಿ. ಹಾರಕ ಮುಗ್ಗಲಾಗಿತ್ತು. ಸಜ್ಜೆ ಹಿಟ್ಟು ಮತ್ತು ಅಗಸೆ ಪುಡಿ ಕಮಟಾಗಿದ್ದವು.

ಹಾರಕದ ವಿಷಯದಲ್ಲಿ ಅಮ್ಮ ಮಾತೇ ಆಡದೆ ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿದಳು. ಪಾರಿವಾಳಕ್ಕಾದರೂ ಹಾಕೋಣ ಅಂದೆ. ಬೇಡ ಅಂದಳು. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಬೂಷ್ಟು ಹಿಡಿದ ಹಾರಕ ತಿಂದರೆ ತಲೆ ಸುತ್ತು, ವಾಂತಿ ಬರುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹತ್ತು ಆನೆಗಳು ಸತ್ತ ಸುದ್ದಿ ಓದಿರಬಹುದು. ಹೊಲದಲ್ಲಿ ಬೂಷ್ಟು ಹಿಡಿದಿದ್ದ ಹಾರಕದ ಬೆಳೆ ಮೇದಿದ್ದವು. ಹೊಟ್ಟೆಯಲ್ಲಿ ಸಿಕ್ಕಿದ್ದು ಆ ಬೂಷ್ಟು ಹುಟ್ಟಿಸುವ ವಿಷ. ಒಳ್ಳೇ ಒಣಗಿದ ಹಾರಕಕ್ಕೆ ಈ ಭಯ ಇಲ್ಲ, ಅದು ರುಚಿಯಾದ ಧಾನ್ಯವೇ. ಆದರೆ ಮುಗ್ಗಲು ವಾಸನೆ ಬಂದ ಮೇಲೆ ತೊಳೆದರೆ ಆಯ್ತು, ಹುರಿದರೆ ಆಯ್ತು ಅನ್ನೋ ಲೆಕ್ಕ ಬೇಡ.

ಕಮಟಿನದು ಬೇರೆ ಕಥೆ. ಅದಕ್ಕೆ ಎಣ್ಣೆಯ ಲೆಕ್ಕ ಗೊತ್ತಿದ್ದರೆ ಸಾಕು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 100 ಗ್ರಾಂಗೆ ಒಂದು ಗ್ರಾಂ ಎಣ್ಣೆಯೂ ಇರುವುದಿಲ್ಲ. ರಾಗಿಯಲ್ಲಿ 2 ಗ್ರಾಂಗೂ ಕಡಿಮೆ. ನವಣೆ, ಸಾಮೆಯಲ್ಲಿ 4ರ ಆಸುಪಾಸು. ಸಜ್ಜೆಯಲ್ಲಿ 5. ಅಗಸೆಗೆ ಬಂದರೆ 40. ಈ ಎಣ್ಣೆ ಇರೋದು ಹೆಚ್ಚಾಗಿ ತೌಡಿನಲ್ಲಿ ಮತ್ತು ಮೊಳಕೆ ಹೊರಡುವ ಆ ಚಿಕ್ಕ ಕಣ್ಣಿನಲ್ಲಿ. ಕಾಳು ಇಡಿಯಾಗಿದ್ದಾಗ ಎಣ್ಣೆ ಒಳಗೆ ಭದ್ರವಾಗಿರುತ್ತೆ. ಬೀಸಿದ ಕ್ಷಣದಿಂದ ಗಾಳಿಗೆ ಸಿಗುತ್ತೆ, ಕೆಡೋಕೆ ಶುರು ಮಾಡುತ್ತೆ. ಮೈದಾ ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂತರೂ ಏನೂ ಆಗದಿರೋದಕ್ಕೆ ಕಾರಣ ಇಷ್ಟೇ. ಕೆಡುವ ಭಾಗವನ್ನೆಲ್ಲ ಮೊದಲೇ ತೆಗೆದು ಹಾಕಿರುತ್ತಾರೆ. ಒಳ್ಳೇದೂ ಅದೇ ಭಾಗದಲ್ಲಿ ಇರೋದರಿಂದ ಅದೂ ಜೊತೆಗೇ ಹೋಗಿರುತ್ತೆ.

ಹಾಗಾಗಿ ವರ್ಷ ಪೂರ್ತಿ ಕೆಡದ, ಬೆಳ್ಳಗೆ ಹೊಳೆಯುವ ಸಾಮೆ ಪ್ಯಾಕೆಟ್ ನೋಡಿದರೆ ಈಗ ನನಗೆ ಅನುಮಾನ. ಪಾಲಿಶ್ ಮಾಡದ ಸಾಮೆ ಮಂಕಾಗಿರುತ್ತೆ. ಮುಟ್ಟಿದರೆ ಕೈಗೆ ಸ್ವಲ್ಪ ಪುಡಿ ಅಂಟುತ್ತೆ. ಹೊಳಪು ಬರೋ ಹಾಗೆ ಉಜ್ಜಿದ ಮೇಲೆ ಅದು ಹೆಚ್ಚುಕಡಿಮೆ ಇನ್ನೊಂದು ಬಿಳಿ ಅಕ್ಕಿ, ಬೆಲೆ ಮಾತ್ರ ಎರಡು ಮೂರು ಪಟ್ಟು.

ರಾಗಿಗೆ ಈ ಪಾಲಿಶಿನ ಕಾಟ ಇಲ್ಲ. ಅದರ ಸಿಪ್ಪೆ ಕಾಳಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿರುತ್ತೆ ಅಂದ್ರೆ ಸುಲಿಯೋಕೆ ಹೋದರೆ ಕಾಳೇ ಪುಡಿಯಾಗುತ್ತೆ. ಅದಕ್ಕೇ ನಮ್ಮ ಕಡೆ ಮೊದಲಿಂದಲೂ ಸಿಪ್ಪೆ ಸಮೇತ ಬೀಸಿಯೇ ತಿಂದಿದ್ದು. ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ತಾತನ ಮನೆ ಮುಂದೆ ಹಗೇವು ಇತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ನೆಲದೊಳಗೆ ತೋಡಿದ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹೊದಿಸಿ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆಯುತ್ತಿದ್ದರು. ಒಳಗೆ ಗಾಳಿ ಇಲ್ಲದ ಕಾರಣ ಹುಳವೂ ಬದುಕುತ್ತಿರಲಿಲ್ಲ. ತೆಗೆಯುವಾಗ ಮೊದಲು ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಮನುಷ್ಯ ಇಳಿಯಬಾರದು. ವರ್ಷಗಟ್ಟಲೆ ಹಾಗೆ ಇಟ್ಟ ರಾಗಿ ತಿಂದು ಬರಗಾಲ ದಾಟಿದ ಕಥೆಯನ್ನು ತಾತ ಹೇಳುತ್ತಿದ್ದ. ಕನಕದಾಸರು ತಮ್ಮ 'ರಾಮಧಾನ್ಯ ಚರಿತ್ರೆ' ಕಾವ್ಯದಲ್ಲಿ ರಾಮನ ಕೈಲಿ ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸಿ ಯಾವುದು ಗಟ್ಟಿ ಅಂತ ತೀರ್ಮಾನ ಮಾಡಿಸಿದ್ದು ನೆನಪಾಗುತ್ತೆ. ಯೋಚಿಸಿದರೆ ಅದು ಭಕ್ತಿಯ ಕಥೆ ಇರುವಷ್ಟೇ ದಾಸ್ತಾನಿನ ಪರೀಕ್ಷೆ ಕೂಡ. ಆದರೆ ಸೆರೆಗೆ ಹೋಗಿದ್ದು ಕಾಳು, ಹಿಟ್ಟಲ್ಲ. ಹಿಟ್ಟನ್ನು ಕಳಿಸಿದ್ದರೆ ತೀರ್ಪು ಏನಾಗುತ್ತಿತ್ತೋ!

ಅಮ್ಮ ಹೋದ ಮೇಲೆ ನಾನು ಮಾಡಿದ ಮೊದಲ ಬದಲಾವಣೆ ಇದೇ. ರಾಗಿ ಹಿಟ್ಟು ತರೋದು ಬಿಟ್ಟೆ, ರಾಗಿ ತಂದೆ. ಐದು ಕೆಜಿ ರಾಗಿ ಸ್ಟೀಲ್ ಡಬ್ಬದಲ್ಲಿ ಆರಾಮಾಗಿ ಇರುತ್ತೆ. ತಿಂಗಳಿಗೆ ಎರಡು ಕೆಜಿ ತೊಳೆದು, ನೆರಳಲ್ಲಿ ಒಣಗಿಸಿ, ಹಿಂದಿನ ರಸ್ತೆಯ ಮಿಲ್ಲಿಗೆ ಕೊಡುತ್ತೇನೆ. ಅಲ್ಲೊಂದು ಪಾಠ ಆಯಿತು. ಒಂದು ಸಲ ನನ್ನ ಮುಂದಿನವರದು ಖಾರದಪುಡಿ. ನಾನು ಗಮನಿಸಲಿಲ್ಲ. ಆ ತಿಂಗಳು ಪೂರ್ತಿ ಮಗಳು ಮುದ್ದೆ ಬಾಯಿಗೆ ಇಟ್ಟು ಕಣ್ಣರಳಿಸುತ್ತಿದ್ದಳು. ಈಗ ಮಿಲ್ಲಿಗೆ ಹೋದರೆ ಮೊದಲು ಕೇಳೋದು, "ಮುಂಚೆ ಏನು ಬೀಸಿದ್ರಿ?"

ಮುದ್ದೆ ಮಾಡೋದನ್ನ ನಾನು ಕಲಿತಿದ್ದು ನಲವತ್ತು ದಾಟಿದ ಮೇಲೆ, ಅದೂ ಅಮ್ಮನ ಪಕ್ಕ ನಿಂತು. ಪುಸ್ತಕದ ಲೆಕ್ಕ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರಿಗೆ ಉಪ್ಪು ಹಾಕಿ, ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಮೊದಲೇ ಬಿಡಬೇಕು. ಎಸರು ಕುದಿಯುವಾಗ ಉಳಿದ ಹಿಟ್ಟನ್ನು ಒಂದೇ ಸಲ ನಡುವೆ ಗುಡ್ಡೆ ಹಾಕಬೇಕು. ಇಲ್ಲಿ ಎಲ್ಲರೂ ಮಾಡೋ ತಪ್ಪು ಅಂದ್ರೆ ತಕ್ಷಣ ಕೋಲು ಹಾಕಿ ತಿರುವೋದು. ತಿರುವಬಾರದು. ಉರಿ ಸಣ್ಣಗೆ ಮಾಡಿ ಸುಮ್ನೆ ನಿಲ್ಲಬೇಕು. ಸುತ್ತಲಿನ ಎಸರು ಉಕ್ಕಿ ಗುಡ್ಡೆಯ ಮೇಲೆ ಹತ್ತುತ್ತೆ, ಇಳಿಯುತ್ತೆ. ಒಣ ಹಿಟ್ಟಿನ ನೆತ್ತಿ ಬಿರುಕು ಬಿಟ್ಟು ಅಲ್ಲಿಂದ ಪುಸ್ ಅಂತ ಆವಿ ಬರುತ್ತೆ. ನಾಲ್ಕೈದು ನಿಮಿಷ. ಹಸಿ ಹಿಟ್ಟಿನ ವಾಸನೆ ಹೋಗಿ, ಮಳೆ ಬಿದ್ದ ಮಣ್ಣಿಗೆ ಹತ್ತಿರದ ಒಂದು ವಾಸನೆ ಬರುತ್ತಲ್ಲ, ಆಗ ಕೋಲು ಹಿಡಿಯಬೇಕು. ಪಾತ್ರೆಯನ್ನು ಬಟ್ಟೆಯಲ್ಲಿ ಒತ್ತಿ ಹಿಡಿದು, ಗೋಡೆಗೆ ಒತ್ತಿ ಒತ್ತಿ ತೊಳಸಬೇಕು. ಒಂದು ನಿಮಿಷ ಮುಚ್ಚಿಟ್ಟು ಮತ್ತೆ ಒಂದು ಸುತ್ತು. ಒದ್ದೆ ಬೆರಳು ಮುಟ್ಟಿಸಿದರೆ ಅಂಟಬಾರದು. ನನ್ನ ಮೊದಲ ಹತ್ತು ಮುದ್ದೆಗಳಲ್ಲಿ ಗಂಟು ಇತ್ತು. ಅಮ್ಮ ಒಂದನ್ನೂ ಬಿಸಾಕಲಿಲ್ಲ, ಗಂಟು ಸಿಕ್ಕಾಗಲೆಲ್ಲ ತಟ್ಟೆಯ ಅಂಚಿಗೆ ತೆಗೆದಿಟ್ಟು ಲೆಕ್ಕ ಹೇಳುತ್ತಿದ್ದಳು.

ರಾಗಿಯಲ್ಲಿ ಸುಣ್ಣದ ಅಂಶ ಜಾಸ್ತಿ ಅನ್ನೋದು ಎಲ್ಲರಿಗೂ ಗೊತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಹಾಲಿನಲ್ಲಿ 120ರ ಹತ್ತಿರ. ಆದರೆ ರಾಗಿಯದ್ದು ಪೂರ್ತಿ ಮೈಗೆ ಹತ್ತುವುದಿಲ್ಲ. ಸಿಪ್ಪೆಯಲ್ಲಿರುವ ಫೈಟೇಟ್ ಅನ್ನೋದು ಸ್ವಲ್ಪ ಭಾಗ ಹಿಡಿದಿಟ್ಟುಕೊಳ್ಳುತ್ತೆ. ನೆನೆಸಿದರೆ, ಮೊಳಕೆ ಬರಿಸಿದರೆ, ದೋಸೆ ಹಿಟ್ಟಿನ ಹಾಗೆ ಹುಳಿ ಬರಿಸಿದರೆ ಆ ಹಿಡಿತ ಸಡಿಲ ಆಗುತ್ತೆ. ರಾಗಿ ಅಂಬಲಿಯನ್ನು ರಾತ್ರಿ ಇಟ್ಟು ಬೆಳಿಗ್ಗೆ ಮಜ್ಜಿಗೆ ಬೆರೆಸಿ ಕುಡಿಯುವ ಅಭ್ಯಾಸದಲ್ಲಿ ಈ ಕೆಲಸವೂ ನಡೆದುಹೋಗುತ್ತಿತ್ತು.

ಇಲ್ಲಿ ಅಪ್ಪನ ವಿಷಯ ಹೇಳಲೇಬೇಕು. ಅಪ್ಪನಿಗೆ ಶುಗರ್ ಇದೆ. ಯಾರೋ ಹೇಳಿದರು ಅಂತ ದಿನಾ ಬೆಳಿಗ್ಗೆ ದೊಡ್ಡ ಲೋಟದಲ್ಲಿ ರಾಗಿ ಮಾಲ್ಟ್ ಕುಡಿಯೋಕೆ ಶುರು ಮಾಡಿದ. ಸಕ್ಕರೆ ಹಾಕುತ್ತಿರಲಿಲ್ಲ. ಆದರೂ ಮುದ್ದೆ ಉಂಡ ದಿನಕ್ಕಿಂತ ಮಾಲ್ಟ್ ಕುಡಿದ ದಿನ ಶುಗರ್ ಜಾಸ್ತಿ ತೋರಿಸುತ್ತಿತ್ತು. ಕಾರಣ ಮಾಲ್ಟ್ ಆಗೋ ರೀತಿಯಲ್ಲೇ ಇದೆ. ರಾಗಿ ಮೊಳಕೆ ಒಡೆಯುವಾಗ ಕಾಳಿನೊಳಗೆ ಪಿಷ್ಟ ಕತ್ತರಿಸುವ ಕಿಣ್ವ ಹುಟ್ಟುತ್ತೆ. ಹಾಗಾಗಿ ಮಾಲ್ಟ್ ಗಂಜಿ ಗಟ್ಟಿಯಾಗದೆ ತೆಳ್ಳಗೆ ನಿಲ್ಲುತ್ತೆ, ಬೇಗ ಅರಗುತ್ತೆ. ಹಲ್ಲಿಲ್ಲದ ಮಗುವಿಗೆ ಇದು ವರ. ಚಿಕ್ಕ ಹೊಟ್ಟೆಗೆ ಜಾಸ್ತಿ ಹಿಟ್ಟು ತೆಳ್ಳಗೆ ಇಳಿಯುತ್ತೆ. ಮಗುವಿಗೆ ರಾಗಿ ಸರಿ ಮಾಡುವಾಗ ಅಜ್ಜಿಯಂದಿರು ಮೊಳಕೆ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ. ಅದೇ ಗುಣ ಎಪ್ಪತ್ತರ ಶುಗರ್ ಮನುಷ್ಯನಿಗೆ ತೊಂದರೆ. ಧಾನ್ಯ ಒಂದೇ, ಮಾಡೋ ರೀತಿ ಬೇರೆ, ಪರಿಣಾಮ ಬೇರೆ. ಅಪ್ಪ ಈಗ ಮತ್ತೆ ಮುದ್ದೆಗೆ ಬಂದಿದ್ದಾನೆ. ಮೂರು ಇದ್ದದ್ದು ಒಂದಕ್ಕೆ ಇಳಿದಿದೆ, ಅದರ ಸಿಟ್ಟು ಬೇರೆ ಇದೆ.

ತಾತನ ಹೊಲದಲ್ಲಿ ರಾಗಿ ಒಂದೇ ಇರುತ್ತಿರಲಿಲ್ಲ. ಅಕ್ಕಡಿ ಸಾಲು ಇರುತ್ತಿದ್ದವು. ಆರೇಳು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಅಲಸಂದೆ. ಅಂಚಿಗೆ ಹುಚ್ಚೆಳ್ಳು. ಹಳದಿ ಹೂ ಬಿಟ್ಟಾಗ ಇಡೀ ಹೊಲಕ್ಕೆ ಅರಿಶಿನದ ಅಂಚು ಹೊಲಿದ ಹಾಗೆ. ಒಂದು ತಮಾಷೆ ಗೊತ್ತಾ? ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ನಾಡು. ಹುಚ್ಚೆಳ್ಳಿನ ಮೂಲ ಇಥಿಯೋಪಿಯಾ. ಎರಡೂ ಅಕ್ಕಪಕ್ಕದ ಊರಿನವು ಸಾವಿರಾರು ವರ್ಷದ ಹಿಂದೆ ಸಮುದ್ರ ದಾಟಿ ಬಂದು ತುಮಕೂರಿನ ಕೆಂಪು ಮಣ್ಣಿನಲ್ಲಿ ಮತ್ತೆ ಅಕ್ಕಪಕ್ಕ ನಿಂತಿವೆ. 'ನಮ್ಮ ಪೂರ್ವಜರ ಧಾನ್ಯ' ಅಂತ ಪ್ಯಾಕೆಟ್ ಮೇಲೆ ಓದಿದಾಗ ಇದು ನೆನಪಾಗಿ ನಗು ಬರುತ್ತೆ. ತಾತ ತನ್ನ ರಾಗಿಯನ್ನು 'ಇಂಡಾಫು' ಅಂತ ಕರೆಯುತ್ತಿದ್ದ. ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಿಯಾದ ತಳಿಗೆ ಆಫ್ರಿಕಾದ ತಳಿ ಕೂಡಿಸಿ ಮಾಡಿದ್ದು, ಅದಕ್ಕೇ ಆ ಹೆಸರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು.

ನಮ್ಮ ಹುಚ್ಚೆಳ್ಳು ಹೆಂಡತಿಯ ಕಡೆ ಗುರೆಳ್ಳು. ಅವಳದು ಧಾರವಾಡದ ಹತ್ತಿರ. ಮದುವೆಯಾದ ಹೊಸದರಲ್ಲಿ ಅತ್ತೆ ಬುತ್ತಿಯಲ್ಲಿ ಕಟ್ಟಿಕೊಟ್ಟ ಕಪ್ಪು ಪುಡಿ ನೋಡಿ, ಇದು ನಮ್ಮ ಹುಚ್ಚೆಳ್ಳು ಚಟ್ನಿಯ ಅಕ್ಕ ಅಂತ ಕಂಡುಹಿಡಿಯೋಕೆ ನನಗೆ ಒಂದು ರೊಟ್ಟಿ ಪೂರ್ತಿ ಬೇಕಾಯಿತು. ಸಣ್ಣ ಉರಿಯಲ್ಲಿ ಗುರೆಳ್ಳು ಹುರಿಯಬೇಕು. ಚಿಟಪಟ ಅಂದು ಸದ್ದು ಇಳಿಯುವಾಗ ಇಳಿಸಬೇಕು, ಒಂದು ಕ್ಷಣ ಜಾಸ್ತಿ ಆದರೂ ಕಹಿ. ಬ್ಯಾಡಗಿ ಮೆಣಸಿನಕಾಯಿ, ಸಿಪ್ಪೆ ಸಮೇತ ಬೆಳ್ಳುಳ್ಳಿ, ಉಪ್ಪು, ಚೂರು ಹುಣಸೆ, ಚೂರು ಬೆಲ್ಲ. ಜೋಳದ ರೊಟ್ಟಿ ಮೇಲೆ ಇದನ್ನು ಹಾಕಿ ಮೊಸರು ಸುರಿದರೆ ಬೇರೆ ಪಲ್ಯ ಬೇಡ.

ನನ್ನ ಅಗಸೆ ಪುಡಿಯ ಡಬ್ಬಿಯನ್ನು ಅಮ್ಮ ಬಿಸಾಕಿದ್ದನ್ನು ಅತ್ತೆಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಏಳು ತಿಂಗಳ ಇಟ್ರ ಕಮಟ ಆಗದ ಏನ ಆದೀತ್ರೀ? ನಾವ್ ಅಗಸಿ ಹಿಂಡಿ ಹದಿನೈದ ದಿನಕ್ಕ ಆಗೂವಷ್ಟ ಕುಟ್ತೇವಿ." ಇಡೀ ಅಗಸೆ ನುಂಗಿದರೆ ಅದು ಹಾಗೇ ಹೊರಗೆ ಹೋಗುತ್ತೆ, ಆ ಗಟ್ಟಿ ನುಣುಪು ಸಿಪ್ಪೆ ಹೊಟ್ಟೆಯಲ್ಲಿ ಒಡೆಯೋದಿಲ್ಲ. ಕುಟ್ಟಲೇಬೇಕು. ಕುಟ್ಟಿದರೆ ಅದರ ಒಮೆಗಾ-3 ಎಣ್ಣೆ ಅಡುಗೆಮನೆಯ ಬೇರೆ ಹೆಚ್ಚಿನ ಎಣ್ಣೆಗಳಿಗಿಂತ ಬೇಗ ಕೆಡುತ್ತೆ. ಹಾಗಾಗಿ ಹದಿನೈದು ದಿನದ ಲೆಕ್ಕ. ಈಗ ನಾನೂ ಕಾಲು ಕೆಜಿ ಅಗಸೆ ಇಡಿಯಾಗಿ ತಂದು, ಎರಡು ಹಿಡಿ ಮಾತ್ರ ಹುರಿದು ಒಣಮೆಣಸಿನಕಾಯಿ ಜೊತೆ ಪುಡಿ ಮಾಡುತ್ತೇನೆ. ಬಿಸಿ ಅನ್ನ, ತುಪ್ಪ, ಅಗಸೆ ಹಿಂಡಿ. ಮಗಳು ತಿನ್ನೋ 'ಆರೋಗ್ಯಕರ' ಪದಾರ್ಥ ಇದೊಂದೇ. ಅದು ಆರೋಗ್ಯಕರ ಅಂತ ಅವಳಿಗೆ ಇನ್ನೂ ಗೊತ್ತಿಲ್ಲ.

ಸಜ್ಜೆಗೂ ಅವರ ಕಡೆ ಒಂದು ಕಾಲ ಇದೆ. ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಎಣ್ಣೆಗಾಯಿ ಬದನೆಕಾಯಿ, ಬೆಣ್ಣೆ. ಹಿಟ್ಟು ಆ ವಾರಕ್ಕೆ ಬೀಸಿದ್ದು, ಆ ವಾರವೇ ಮುಗಿಯುತ್ತೆ. ನಾನು ವರ್ಷ ಪೂರ್ತಿ ತಿನ್ನುತ್ತೇನೆ ಅಂತ ಎರಡು ಕೆಜಿ ಹಿಟ್ಟು ತಂದು ಗಾಜಿನ ಡಬ್ಬಿಯಲ್ಲಿ ಬೆಳಕಿಗೆ ಇಟ್ಟಿದ್ದೆ. ಬೆಳಕೂ ಕಮಟಿಗೆ ಗೊಬ್ಬರ.

ಇನ್ನು ಆ ಸಣ್ಣ ಧಾನ್ಯಗಳು. ನನ್ನ ಮೊದಲ ತಪ್ಪು ಎಲ್ಲವನ್ನೂ ಅನ್ನದ ಬದಲಿಗೆ ಸಾರಿನ ಜೊತೆ ಬಡಿಸಿದ್ದು. ನವಣೆ ಅನ್ನಕ್ಕೆ ತಿಳಿಸಾರು ಹಾಕಿದರೆ ಮರಳಿಗೆ ನೀರು ಸುರಿದ ಹಾಗೆ. ಮನೆಯಲ್ಲಿ ಮುಖ ಸಪ್ಪೆ ಮಾಡಿಕೊಂಡು ಉಂಡರು. ನವಣೆಗೆ ಎಣ್ಣೆ, ಹುಳಿ, ಕಡಲೆಬೀಜ ಬೇಕು. ಅದು ಚಿತ್ರಾನ್ನ, ಪುಳಿಯೋಗರೆಗೆ ಹುಟ್ಟಿದ್ದು. ಸಾಮೆ ಮೃದು, ಮೊಸರನ್ನಕ್ಕೆ ಅದನ್ನು ಮೀರಿಸಿದ್ದಿಲ್ಲ. ಊದಲು ಪೊಂಗಲ್ಲಿಗೆ. ಮೂರನ್ನೂ ಒಂದೆರಡು ಗಂಟೆ ನೆನೆಸಲೇಬೇಕು. ಇಲ್ಲದಿದ್ದರೆ ಹೊರಗೆ ಮುದ್ದೆ, ಒಳಗೆ ಕಲ್ಲು. ಉಳಿದವನ್ನು ಬಿಟ್ಟುಬಿಟ್ಟೆ. ಒಂದೇ ಮನೆಯಲ್ಲಿ ಆರೂ ಇರಬೇಕು ಅಂತ ಯಾವ ಕಾಲದಲ್ಲೂ ಇರಲಿಲ್ಲ. ನಮ್ಮ ಹೊಲದಲ್ಲಿ ಸಾಮೆ ಇತ್ತು, ಪಕ್ಕದ ಊರಿನವರಿಗೆ ನವಣೆ, ಆಂಧ್ರದ ಗಡಿ ಕಡೆಯವರಿಗೆ ಕೊರಲೆ. ಅವರವರು ಬೆಳೆದದ್ದು ಅವರವರಿಗೆ.

ಹುರಳಿ ಮಾತ್ರ ಅವತ್ತು ಅಮ್ಮನ ಪರೀಕ್ಷೆಯಲ್ಲಿ ಪಾಸಾಗಿತ್ತು. ಎಣ್ಣೆ ಕಡಿಮೆ, ಕಮಟಿನ ಭಯ ಇಲ್ಲ. ಅದಕ್ಕೆ ಇರೋದು ತೂತು ಕೊರೆಯುವ ಹುಳದ ಕಾಟ. ಊರಲ್ಲಿ ಬೂದಿ ಬೆರೆಸಿಡುತ್ತಿದ್ದರು, ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದರು. ನನ್ನ ಫ್ಲ್ಯಾಟಿನಲ್ಲಿ ಬೂದಿ ಎಲ್ಲಿಂದ ಬರಬೇಕು? ತಂದ ಕೂಡಲೇ ನಾಲ್ಕು ದಿನ ಫ್ರೀಜರಿನಲ್ಲಿ ಇಟ್ಟು ತೆಗೆಯುತ್ತೇನೆ, ಮೊಟ್ಟೆ ಇದ್ದರೂ ಸಾಯುತ್ತವೆ. ಹೊರಗೆ ತೆಗೆದಾಗ ಪ್ಯಾಕೆಟ್ ತಣ್ಣಗಿರುವಾಗಲೇ ಬಿಚ್ಚಬಾರದು. ಬಿಚ್ಚಿದರೆ ಕಾಳಿನ ಮೇಲೆ ನೀರು ಕೂರುತ್ತೆ, ಮತ್ತೆ ಮುಗ್ಗಲು. ಹುರಳಿಯ ಬಣ್ಣದ್ದೇ ಕಲ್ಲು ಇರುತ್ತೆ, ಆರಿಸೋದಕ್ಕೆ ಬೆಳಕು ಮತ್ತು ತಾಳ್ಮೆ ಬೇಕು. ಮೊರ ಇಲ್ಲದ್ದಕ್ಕೆ ನಾನು ಬಿಳಿ ತಟ್ಟೆಯಲ್ಲಿ ಹರಡುತ್ತೇನೆ. ರಾತ್ರಿ ನೆನೆಹಾಕಿ, ಬಟ್ಟೆ ಕಟ್ಟಿ, ಮೊಳಕೆ ಬರಿಸಿ, ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು, ಕಾಳಿನಲ್ಲಿ ಪಲ್ಯ. ಸಾರಿಗೆ ಕೊನೆಯಲ್ಲಿ ನಿಂಬೆ ಹಿಂಡಿದರೆ ರುಚಿಯೂ ಏರುತ್ತೆ, ಕಾಳಿನ ಕಬ್ಬಿಣವೂ ಚೆನ್ನಾಗಿ ಮೈಗೆ ಹತ್ತುತ್ತೆ. ಬೇಸಿಗೆಯಲ್ಲಿ ಮಾಡಿದರೆ ಉಷ್ಣ ಅಂತ ಅಮ್ಮ ಬಯ್ಯುತ್ತಾಳೆ. ಅದಕ್ಕೆ ನನ್ನ ಹತ್ತಿರ ವಾದ ಇಲ್ಲ, ಮಾಡೋದಿಲ್ಲ ಅಷ್ಟೆ.

ಬೆಲ್ಲದ ಬಗ್ಗೆ ಯಾರಾದರೂ ಕೇಳೇ ಕೇಳುತ್ತಾರೆ. ಸಕ್ಕರೆ ಬದಲು ಬೆಲ್ಲ ಹಾಕಿದೆ, ಹಾಗಾಗಿ ಇದು ಹೆಲ್ದಿ ಅಂತ ಹೇಳಿ ಪಾಯಸ ಎರಡು ಬಟ್ಟಲು ಕುಡಿಯೋದು ನಮ್ಮನ್ನು ನಾವೇ ಮೋಸ ಮಾಡಿಕೊಂಡ ಹಾಗೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. ನಾನು ಬೆಲ್ಲ ಬಳಸೋದು ಅದರ ರುಚಿಗೆ. ತರುವಾಗ ಮಾತ್ರ ತೀರಾ ಹಳದಿ ಇರೋದನ್ನು ಬಿಟ್ಟು ಕಂದು ಬಣ್ಣದ್ದು ಆರಿಸುತ್ತೇನೆ. ಆ ಚಿನ್ನದ ಬಣ್ಣ ಬಹಳಷ್ಟು ಸಲ ಬಣ್ಣ ತೆಗೆಯುವ ರಾಸಾಯನಿಕದ ಕೊಡುಗೆ.

ಅಮ್ಮ ಈಗ ಬಂದರೂ ಕಪಾಟು ತೆಗೆಯುತ್ತಾಳೆ. ಹೋದ ತಿಂಗಳು ಬಂದಾಗ ಸಾಮೆ ಡಬ್ಬಿ ಮೂಗಿಗೆ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದಳು. "ಇನ್ನೊಂದು ವಾರ. ಅಷ್ಟರಲ್ಲಿ ಮುಗಿಸ್ರಿ" ಅಂದಳು. ಆ ವಾರ ಮೂರು ಸಲ ಮೊಸರನ್ನ ಆಯಿತು.

ಹನ್ನೊಂದು ಗಾಜಿನ ಡಬ್ಬಿಗಳಲ್ಲಿ ಐದು ಈಗ ಖಾಲಿ. ಒಂದರಲ್ಲಿ ಹೆಂಡತಿ ಹುಣಸೆಹಣ್ಣು ತುಂಬಿದ್ದಾಳೆ. ಇನ್ನೊಂದು ಮಗಳ ಓದುವ ಮೇಜಿನ ಮೇಲಿದೆ, ಪೆನ್ಸಿಲ್ ಹಾಕಿಕೊಂಡಿದ್ದಾಳೆ. ಅದರ ಮೇಲೆ ನನ್ನ ಕೈಬರಹದಲ್ಲಿ 'ಹಾರಕ' ಅನ್ನೋ ಚೀಟಿ ಇನ್ನೂ ಇದೆ.